ಟ್ಯಾಂಕ್ ಮಾಡೆಲ್‌ಗೆ ಧೂಳು, ಕೆಸರು: ಪೇಸ್ಟಲ್, ಪಿಗ್ಮೆಂಟ್, ಇಲ್ಲಾ ನಮ್ಮ ಎರೆ ಮಣ್ಣು?

1:35 ಅಳತೆಯ, ಅಂದರೆ ಅಸಲಿಗಿಂತ 35 ಪಟ್ಟು ಚಿಕ್ಕದಾದ ಟ್ಯಾಂಕಿಗೆ ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದರೂ ಮೈಮೇಲೆ ಧೂಳಿಲ್ಲದಿದ್ದರೆ ಆಟದ ಸಾಮಾನಿನ ಹಾಗೇ ಕಾಣುತ್ತದೆ. ಆ ಧೂಳಿಗೆ, ಕೆಸರಿಗೆ ಮೂರು ದಾರಿ ಇವೆ. ಮೂರನ್ನೂ ಕಲಬುರಗಿಯ ಮನೆಯಲ್ಲೇ ಕೂತು ಹಚ್ಚಿ ನೋಡಿದ್ದೇನೆ.

ಅಗ್ಗದ್ದು ಪೇಸ್ಟಲ್. ಚಿತ್ರ ಬಿಡಿಸುವ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಸ್ಯಾಂಡ್ ಪೇಪರ್‌ಗೆ ಉಜ್ಜಿದರೆ ಪುಡಿ ಸಿದ್ಧ. ಆಯಿಲ್ ಪೇಸ್ಟಲ್ ತರಬೇಡಿ, ಅದು ಪುಡಿಯಾಗದೆ ಮೆತ್ತಿಕೊಳ್ಳುತ್ತದೆ. ತೊಂದರೆ ಏನೆಂದರೆ, ಮೇಲೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆದ ಕೂಡಲೇ ಅರ್ಧ ಧೂಳು ಮಾಯ. ಕಣಗಳ ನಡುವೆ ಗಾಳಿ ಇದ್ದ ಜಾಗಕ್ಕೆ ವಾರ್ನಿಶ್ ಇಳಿಯುತ್ತದೆ, ಪುಡಿಯ ಬಿಳಿಚು ಹೋಗುತ್ತದೆ. ಒದ್ದೆ ನೆಲ ಗಾಢವಾಗಿ ಕಾಣುವುದೂ ಇದಕ್ಕೇ ಅಲ್ವಾ?

ರೆಡಿ ಪಿಗ್ಮೆಂಟ್, ಅಂದರೆ ಮಾಡೆಲ್‌ಗೆಂದೇ ಮಾರುವ ಬಣ್ಣದ ಪುಡಿ, ದುಬಾರಿ, ಹೊರಗಿಂದ ತರಿಸಬೇಕು. ಆದರೆ ನುಣುಪು ಅಂದರೆ ಅದೇ ನುಣುಪು. ಒಣ ಪುಡಿ ಉದುರಿಸಿ ಒಂದು ಹನಿ ಟರ್ಪೆಂಟೈನ್ ಬಿಟ್ಟರೆ ತಾನೇ ಹರಿದು ಬೋಲ್ಟಿನ ಸುತ್ತ, ಬೆಸುಗೆಯ ಗೆರೆಯಲ್ಲಿ ಕೂರುತ್ತದೆ. ಮಾಡೆಲ್ ಗಾಜಿನ ಕಪಾಟಿನಲ್ಲೇ ಇರುವುದಾದರೆ ಅಷ್ಟು ಹಿಡಿತ ಸಾಕು. ಧೂಳಿನ ಮಟ್ಟಿಗೆ ನನ್ನ ಓಟು ಇದಕ್ಕೇ.

ಕೆಸರಿನ ಮಾತು ಬೇರೆ. ಇಲ್ಲಿ ತೊಗರಿ ಹೊಲದ ಎರೆ ಮಣ್ಣು ಎರಡನ್ನೂ ಹಿಂದೆ ಹಾಕುತ್ತದೆ. ಹಾಗಂತ ಹೊಲದಿಂದ ತಂದು ನೇರ ಮೆತ್ತಬೇಡಿ. ಅರ್ಧ ಮಿ.ಮೀ. ಮರಳಿನ ಕಣ ಈ ಅಳತೆಯಲ್ಲಿ 17.5 ಮಿ.ಮೀ. ಜಲ್ಲಿಯಾಗುತ್ತದೆ. ಮಣ್ಣನ್ನು ನೀರಲ್ಲಿ ಕದಡಿ, ತುಸು ಹೊತ್ತು ಬಿಟ್ಟು, ಮೇಲಿನ ರಾಡಿ ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಅದು ತಿಳಿಯಾಗಿ ತಳದಲ್ಲಿ ಕೂತದ್ದೇ ಬೇಕಾದ ಮಣ್ಣು. ಹಳೆ ಹಂಚಿನ ಮೇಲೆ ಹುರಿದು ಪುಡಿ ಮಾಡಿ. ರೊಟ್ಟಿ ಹಂಚು ಮುಟ್ಟಿದರೆ ಮನೆಯಲ್ಲಿ ಬೈಗುಳ ತಪ್ಪದು.

ಎರೆಯ ಗುಣ ಗೊತ್ತಲ್ಲ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ದಪ್ಪ ಹಚ್ಚಿದರೆ ಚಕ್ರಗಳನ್ನು ಸುತ್ತುವ ಟ್ರ್ಯಾಕ್ ಪಟ್ಟಿಯಿಂದ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಫೆವಿಕಾಲ್ ನೀರು ಕಲಸಿ ತೆಳುವಾಗಿ, ಪದರ ಪದರವಾಗಿ ಹಚ್ಚಿದರೆ ಗಟ್ಟಿ ಕೂರುತ್ತದೆ. ಚಕ್ರಗಳ ನಡುವೆ ಒಂದೆರಡು ಸಣ್ಣ ಬಿರುಕು ಬಿಟ್ಟರೆ ಬಿಡಲಿ, ಚೆಂದವೇ.

ಆದರೆ ಎಲ್ಲ ಟ್ಯಾಂಕಿಗೂ ನಮ್ಮ ಮಣ್ಣು ಹೊಂದುವುದಿಲ್ಲ. ಉಕ್ರೇನಿನ ನೆಲವೂ ಕಪ್ಪು, ಹಾಗಾಗಿ ಅಲ್ಲಿ ಕಾದಾಡಿದ ಸೋವಿಯತ್ ಟ್ಯಾಂಕ್ ಟಿ-34ಗೆ ಎರೆ ಸರಿ. ವಿಯೆಟ್ನಾಂ ಎತ್ತರ ಪ್ರದೇಶದ ಅಮೆರಿಕನ್ ಟ್ಯಾಂಕ್ ಎಂ48 ಪ್ಯಾಟನ್‌ಗೆ ಬೀದರ್‌ನ ಕೆಂಪು ಮಣ್ಣು ಬೇಕು. ಕೋಟೆಯ ಮಣ್ಣಿಗೆ ಕೈ ಹಾಕಬೇಡಿ, ಅದು ಬಿದ್ರಿ ಕೆಲಸದವರಿಗಿರಲಿ. ಹೊಲದ ಬದುವಿನದ್ದು ಸಾಕು. 1971ರ ಭಾರತ-ಪಾಕ್ ಯುದ್ಧದ ಬಸಂತರ್ ಕದನದಲ್ಲಿದ್ದ ನಮ್ಮ ಸೆಂಚೂರಿಯನ್ ಟ್ಯಾಂಕಿಗೆ ಇವೆರಡೂ ಹೊಂದವು. ಆ ಕಡೆಯದು ತಿಳಿ ಕಂದು ಮೆಕ್ಕಲು ಮಣ್ಣು. ಅದಕ್ಕೆ ಪಿಗ್ಮೆಂಟ್ ಬೆರೆಸಿಕೊಳ್ಳುವುದೇ ಸುಲಭ.

ಇನ್ನು ವಾರ್ನಿಶ್. ಬಣ್ಣ ಮುಗಿದ ಮೇಲೆ, ಧೂಳಿಗೆ ಮುಂಚೆಯೇ ಮ್ಯಾಟ್ ಹೊಡೆದುಬಿಡಿ. ಹೊಳೆಯುವ ಮೈಮೇಲೆ ಪುಡಿ ನಿಲ್ಲುವುದಿಲ್ಲ, ಒರಟಾದ ಮ್ಯಾಟ್ ಮೇಲೆ ನಿಲ್ಲುತ್ತದೆ. ಬ್ರಷ್‌ಗಿಂತ ಸ್ಪ್ರೇ ಡಬ್ಬಿ ವಾಸಿ, ಗೆರೆ ಬೀಳುವುದಿಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಮೈಯೆಲ್ಲ ತರಿತರಿ. ಬೆಳಗಿನ ತಂಪಲ್ಲೇ ಮುಗಿಸಿ. ಮಳೆಗಾಲದಲ್ಲಾದರೆ ತೇವಕ್ಕೆ ಬಿಳಿ ಮಂಜು ಕಟ್ಟುತ್ತದೆ, ಒಣ ಹವೆಯ ದಿನಕ್ಕೆ ಕಾಯಿರಿ.