ಗೇಟು ಮಾಡುವವರ ಕೈಯಲ್ಲಿ ಮಗಳ ಗಾಲಿಕುರ್ಚಿಯ ದಾರಿ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮುರಕಲ್ಲಿನ ಮನೆಯಲ್ಲಿ ಅಂಗಳದಿಂದ ಜಗಲಿಗೆ ಒಂದೂವರೆ ಅಡಿ ಎತ್ತರವಿದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಂಬತ್ತು ವರ್ಷದ ಮಗಳನ್ನು ಅಷ್ಟೂ ಕಾಲ ಎತ್ತಿಕೊಂಡೇ ಹತ್ತಿಸುತ್ತಿದ್ದ ನನ್ನ ಸೊಂಟ ಇನ್ನಾಗದು ಎಂದಾಗ, ಕಳೆದ ವರ್ಷದ ಬೇಸಿಗೆಯಲ್ಲಿ, ರ‍್ಯಾಂಪ್ ಮತ್ತು ಬಚ್ಚಲಿನ ಹಿಡಿಕೆಗಳ ಕೆಲಸವನ್ನು ಬದಿಯಡ್ಕ ಕಡೆಯ ಒಂದು ವೆಲ್ಡಿಂಗ್ ಅಂಗಡಿಗೆ ಒಪ್ಪಿಸಿದೆ. 2000ದವರೆಗೂ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಈ ಸೀಮೆಯಲ್ಲಿ ನಡೆಯಲಾರದ ಮಕ್ಕಳಿರುವ ಮನೆಗಳು ಹೊಸತಲ್ಲ. ಆದರೂ ಇಂಥ ಕೆಲಸಕ್ಕೆಂದೇ ಇರುವ ಅಂಗಡಿ ನನಗೆ ಸಿಗದೆ, ಗೇಟು, ಶೀಟು ಮಾಡುವವರನ್ನೇ ಹಿಡಿಯಬೇಕಾಯಿತು.

ಮೊದಲ ರ‍್ಯಾಂಪನ್ನು ಅವರು ಏಳು ಅಡಿ ಉದ್ದಕ್ಕೆ ಮಾಡಿ ತಂದರು. ಸ್ಕೂಟರ್ ಹತ್ತಿಸಲು ಅದು ಧಾರಾಳವಾಯಿತು. ಗಾಲಿಕುರ್ಚಿಗೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬ ಲೆಕ್ಕದಲ್ಲಿ ನಮ್ಮ ಜಗಲಿಗೆ 18 ಅಡಿ ಬೇಕಿತ್ತು, ಅದನ್ನು ಚೀಟಿಯಲ್ಲಿ ಬರೆದೂ ಕೊಟ್ಟಿದ್ದೆ. ಬದಲಿಸಿ ಕೊಡಲು ಹದಿನೈದು ದಿನ ಹಿಡಿಯಿತು. ಹೆಚ್ಚುವರಿ ಪೈಪಿನ ಅರ್ಧ ದುಡ್ಡನ್ನೂ ನನ್ನಿಂದಲೇ ತೆಗೆದುಕೊಂಡ ಬೇಸರ ಇನ್ನೂ ಹೋಗಿಲ್ಲ. ಆದರೆ ನೇರಕ್ಕೆ ಹೋದರೆ ಅಡಿಕೆ ಒಣಗಿಸುವ ಅಂಗಳ ಅರ್ಧಕ್ಕರ್ಧ ಹೋಗುತ್ತದೆಂದು, ಗೋಡೆಯ ಬದಿಗೆ ತಿರುಗಿಸಿ, ತಿರುವಿನಲ್ಲಿ ಐದಡಿ ಚೌಕದ ಸಮತಟ್ಟು ಜಾಗ ಬಿಟ್ಟದ್ದು ಅವರದೇ ಉಪಾಯ. ಮೇಲೆ ಹಾಸಿದ, ಉಬ್ಬುಗೆರೆಗಳಿರುವ ಚೆಕ್ಕರ್ ಪ್ಲೇಟಿನಲ್ಲಿ ಆಟಿಯ ಮಳೆಗೂ ಗಾಲಿ ಜಾರಲಿಲ್ಲ.

ಬಚ್ಚಲಿನ ಕೆಲಸವನ್ನು ಮಾತ್ರ ಹೊಗಳಲೇಬೇಕು. ಮುರಕಲ್ಲಿಗೆ ಬರೇ ಪ್ಲಗ್ಗು, ಸ್ಕ್ರೂ ಹಾಕಿದರೆ ಜೋರಾಗಿ ಎಳೆದಾಗ ಕೆಂಪು ಪುಡಿಯ ಸಮೇತ ಕಿತ್ತು ಬರುತ್ತದೆ. ಇವರು ಗೋಡೆಯನ್ನು ಆರಪಾರ ಕೊರೆದು, ಹೊರಬದಿಗೆ ಅಂಗೈಯಗಲದ ಕಬ್ಬಿಣದ ಪ್ಲೇಟು ಕೊಟ್ಟು, ಉದ್ದ ಬೋಲ್ಟಿನಿಂದ ಬಿಗಿದರು. ಕೆಲಸದ ಹುಡುಗ ಎರಡೂ ಕೈಯಲ್ಲಿ ನೇತಾಡಿ ತೋರಿಸಿದ. ದೊಡ್ಡವರ ಅಳತೆಗೆ ಇಟ್ಟರೆ ಹಿಡಿಕೆ ಮಗುವಿನ ಭುಜದ ಹತ್ತಿರ ಬರುತ್ತದೆ. ಅದಕ್ಕಾಗಿ ಅವಳನ್ನು ಕಮೋಡಿನ ಮೇಲೆ ಕೂರಿಸಿ, ಮೊಣಕೈ ಬರುವಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಬೆಳೆದಂತೆ ಹಿಡಿಕೆಯನ್ನು ಏರಿಸಲು ಪಟ್ಟಿಯಲ್ಲಿ ಮೇಲೆ ಇನ್ನೆರಡು ತೂತು ಬಿಟ್ಟರು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿದ್ದರಿಂದ ಒಳಗೆ ಕುರ್ಚಿಗೂ ಜಾಗವಾಯಿತು.

ಹೊಸ್ತಿಲನ್ನು ಕಡಿಯುವ ಮಾತು ಬಂದಾಗ ಅಮ್ಮ, "ದಿನಾ ರಂಗೋಲಿ ಹಾಕುವ ಹೊಸ್ತಿಲಿಗೆ ಉಳಿ ಇಡಬೇಡ ಮಗಾ" ಎಂದರು. ಅಂಗಡಿಯವರು ಅದು ತಮ್ಮ ಕೆಲಸವಲ್ಲವೆಂದು ಜಾರಿಕೊಂಡರು. ಊರಿನ ಆಚಾರಿಯವರು ಹಲಸಿನ ಮರದ ಎರಡು ಓರೆ ತುಂಡುಗಳನ್ನು ಮಾಡಿಕೊಟ್ಟಿದ್ದಾರೆ. ಬೆಳಿಗ್ಗೆ ರಂಗೋಲಿಯಾಗುವ ತನಕ ಅವು ಗೋಡೆಗೆ ಒರಗಿರುತ್ತವೆ, ಆಮೇಲೆ ಹೊಸ್ತಿಲಿನ ಎರಡೂ ಬದಿಗೆ ಕೂರುತ್ತವೆ.

ಈ ಅಂಗಡಿಗೆ ಕೆಲಸ ಕೊಡಬಹುದು, ಆದರೆ ಮಗುವನ್ನೂ ಕುರ್ಚಿಯನ್ನೂ ಎದುರಿಗಿಟ್ಟೇ ಅಳತೆ ತೆಗೆಸಬೇಕು. ಚೀಟಿಯನ್ನು ಅವರು ಓದುವುದಿಲ್ಲ. ರ‍್ಯಾಂಪಿನ ಕೈಹಿಡಿಯಲ್ಲಿ ಒಂದು ವೆಲ್ಡಿನ ಬಳಿ ಈಗ ತುಕ್ಕು ಕಾಣಿಸಿಕೊಂಡಿದೆ. ಫೋನು ಮಾಡಿದ್ದೇನೆ, ಬರುವ ವಾರ ಬರುತ್ತೇವೆಂದಿದ್ದಾರೆ.