ಇಳಿಯುವ ಮುನ್ನ ಹತ್ತುವ ದಾರಿ ಕೇಳಿಕೊಳ್ಳಿ

ದೋಣಿ ಬೇಕಿಲ್ಲ, ದಡದಿಂದಲೇ ನಡೆದು ನೀರಿಗಿಳಿಯಬಹುದು, ಹತ್ತು ಮೀಟರ್ ಆಳದೊಳಗೇ ಹವಳದ ದಿಬ್ಬಗಳೂ ಗಿಳಿಮೀನುಗಳೂ ಕಡಲಾಮೆಗಳೂ ಕಾಣಸಿಗುತ್ತವೆ ಎಂದು ಹೊಸಬರಿಗೆ ಶಿಫಾರಸು ಮಾಡುವ ಸ್ಕೂಬಾ ತಾಣವೊಂದರಲ್ಲಿ ನಮ್ಮ ಗುಂಪಿಗೆ ಆದದ್ದನ್ನು ಬರೆಯುತ್ತಿದ್ದೇನೆ. ಆ ವರ್ಣನೆಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಕಡಲ ತಳದ ವರ್ಣನೆಯಾಗಿತ್ತೇ ಹೊರತು ತಳದಿಂದ ದಡಕ್ಕೆ ಮರಳುವ ದಾರಿಯದ್ದಾಗಿರಲಿಲ್ಲ.

ತುಂಬು ಉಬ್ಬರದ ಹೊತ್ತಿಗೆ ಇಳಿಸುವುದಾಗಿ ಹೇಳಿದ್ದ ಡೈವಿಂಗ್ ಕೇಂದ್ರದವರು, ಹಿಂದಿನ ತಂಡ ತಡವಾಯಿತೆಂದು ನಮ್ಮನ್ನು ಕಾಯಿಸಿ, ನೀರು ಇಳಿಯತೊಡಗಿದ ಮೇಲೆ ಕರೆದೊಯ್ದರು. ಅಂದು ಹುಣ್ಣಿಮೆಯ ಮರುದಿನ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ಅಂತರ ಹೆಚ್ಚುವುದು ಕಡಲಂಚಿನಲ್ಲಿ ದುಡಿಯುವವರಿಗೆ ಹೊಸ ಸಂಗತಿಯೇನಲ್ಲ. ಹೋಗುವಾಗ ಸೊಂಟಮಟ್ಟ ನೀರಿದ್ದ ಹವಳದ ಚಪ್ಪಡಿಯ ಮೇಲೆ ಮರಳುವಾಗ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ಅಲೆಗಳು ಅದರ ಅಂಚಿಗೇ ಬಂದು ಒಡೆಯುತ್ತಿದ್ದವು.

ಈಜಲು ನೀರು ಸಾಲದ, ಬೆನ್ನ ಮೇಲಿನ ಗಾಳಿಯ ಸಿಲಿಂಡರ್ ಮತ್ತು ಈಜಲು ಕಾಲಿಗೆ ತೊಟ್ಟ ಅಗಲ ಹಾಳೆಯಂಥ ಫಿನ್‌ಗಳಿಂದಾಗಿ ನಿಲ್ಲಲೂ ಆಗದ ಆ ಕೆಲವೇ ಮೀಟರುಗಳಲ್ಲಿ ಅಲೆ ನಮ್ಮನ್ನು ಎತ್ತಿ ಎತ್ತಿ ಹಾಕಿತು. ನಮ್ಮ ಇಡೀ ಗುಂಪಿಗೆ ಇದ್ದವನು ಒಬ್ಬನೇ ಮಾರ್ಗದರ್ಶಕ. ಅವನು ಮುಂದಿನವರನ್ನು ಎಳೆದುಕೊಳ್ಳುವಷ್ಟರಲ್ಲಿ ಹಿಂದಿದ್ದ ಒಬ್ಬರು ದುಂಡನೆಯ ಕಡಲಜೀವಿಯಾದ ಸೀ ಅರ್ಚಿನ್‌ನ ಮುಳ್ಳುಗಳ ಮೇಲೆ ಕಾಲೂರಿದರು. ಇನ್ನೊಬ್ಬರು ಆಸರೆಗೆಂದು ಹಿಡಿದದ್ದು ಹವಳದಂತೆಯೇ ಕಾಣುವ, ಆದರೆ ನಿಜವಾದ ಹವಳವಲ್ಲದ ಫೈರ್ ಕೋರಲ್ ಆಗಿದ್ದರಿಂದ ಅಂಗೈಯೆಲ್ಲ ಉರಿದು ಬೊಬ್ಬೆಯೆದ್ದಿತು. ಮುಳ್ಳು ಚುಚ್ಚಿದ ಕಾಲನ್ನು ತಡೆದುಕೊಳ್ಳಬಹುದಾದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಅದ್ದಿಡುವುದು ಮೊದಲ ಆರೈಕೆ. ದಡದಲ್ಲಿ ಬಿಸಿನೀರಿನ ಫ್ಲಾಸ್ಕ್ ಕೂಡ ಇರಲಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ್ದು, ಗಾಬರಿಯಾದ ಯುವಕನೊಬ್ಬ ಅಲೆಯ ಕೆಳಗೆ ಉಸಿರು ಬಿಗಿಹಿಡಿದದ್ದು. ಕಡಲ ಮೇಲ್ಮೈಯಲ್ಲಿ ಒಂದು ವಾಯುಭಾರದಷ್ಟಿರುವ ಒತ್ತಡ ಹತ್ತು ಮೀಟರ್ ಆಳದಲ್ಲಿ ಎರಡರಷ್ಟಾಗುತ್ತದೆ. ಅಲ್ಲಿಂದ ಇನ್ನೊಮ್ಮೆ ಎರಡರಷ್ಟಾಗಲು ಮತ್ತೆ ಇಪ್ಪತ್ತು ಮೀಟರ್ ಇಳಿಯಬೇಕು. ಹೀಗಾಗಿ ಮೇಲೇರುವಾಗ ಒತ್ತಡ ತಗ್ಗಿದಂತೆ ಶ್ವಾಸಕೋಶದೊಳಗಿನ ಗಾಳಿ ಅತಿ ವೇಗವಾಗಿ ಹಿಗ್ಗುವುದು ಕೊನೆಯ ಕೆಲವು ಮೀಟರುಗಳಲ್ಲಿಯೇ, ಮತ್ತು ಸಿಲಿಂಡರಿನ ಗಾಳಿ ಸೇದಿದವನು ಉಸಿರು ಕಟ್ಟಿದರೆ ಒಂದೆರಡು ಮೀಟರಿನ ಏರಿಕೆಯೂ ಶ್ವಾಸಕೋಶಕ್ಕೆ ಪೆಟ್ಟು ಮಾಡಬಲ್ಲದು. ಆಳ ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂದು ಹೊಸಬರಿಗೆ ಹೇಳುವವರು ಈ ಲೆಕ್ಕವನ್ನು ಏಕೆ ಹೇಳುವುದಿಲ್ಲವೋ ತಿಳಿಯದು. ಅದೃಷ್ಟವಶಾತ್ ಅವನಿಗೆ ಏನೂ ಆಗಲಿಲ್ಲ.

ಹವಳಗಳ ಪಾಡು ಬೇರೆಯೇ. ಗುಂಡುಕಲ್ಲಿನಂತೆ ಬೆಳೆಯುವ ಹವಳಗಳಲ್ಲಿ ಹಲವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಹಿಗ್ಗುತ್ತವೆ. ನಮ್ಮ ಫಿನ್‌ಗಳು ಅಂದು ಅವುಗಳ ಮೇಲೆಯೇ ಉಜ್ಜಿಕೊಂಡು ಬಂದವು.

ಇಂಥ ತಾಣಕ್ಕೆ ಹೋಗುವವರು ಹಣ ಕೊಡುವ ಮೊದಲೇ ಉಬ್ಬರದ ವೇಳಾಪಟ್ಟಿಯನ್ನು ತೋರಿಸುವಂತೆ ಕೇಳಿ, ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನರೆಂದು ಖಚಿತಪಡಿಸಿಕೊಳ್ಳಿ. ಸಿಲಿಂಡರಿನಲ್ಲಿ 50 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಗಾಳಿ ಉಳಿದಿರುವಾಗ ನೀರಿನಿಂದ ಮೇಲೆ ಬಂದಿರಬೇಕೆಂಬ ಸಾಮಾನ್ಯ ನಿಯಮ ದಡದ ಡೈವಿಂಗ್‌ನಲ್ಲಿ ಸಾಲದು. ಅಲೆ ತಗ್ಗುವವರೆಗೆ ಕಾಯಲು ಅದಕ್ಕಿಂತ ಹೆಚ್ಚು ಗಾಳಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಳಿದ ಜಾಗದಲ್ಲಿ ಹತ್ತಲಾಗದಿದ್ದರೆ ಎಲ್ಲಿ ಹತ್ತಬೇಕೆಂಬುದನ್ನು ದಡದಲ್ಲಿ ನಿಂತು ಬೆರಳು ಮಾಡಿ ತೋರಿಸಲಿ. ಚಪ್ಪಡಿಯ ಆಚೆ, ಕೂಗಳತೆಯ ದೂರದಲ್ಲಿ ಅಲೆಯೊಡೆಯದ ಮರಳಿನ ಕೊಲ್ಲಿಯೊಂದಿತ್ತೆಂದು ನಮಗೆ ತಿಳಿದದ್ದು ಕಾಲಿನ ಮುಳ್ಳು ತೆಗೆಯುತ್ತಿದ್ದಾಗ, ಅದೂ ಆ ಮಾರ್ಗದರ್ಶಕನ ಬಾಯಿಂದಲೇ.