ಮಷಿನ್ ಗನ್, ಟೊಪೋಗ್ರಫಿ ಆಫ್ ದ ಲಂಗ್ಸ್: ಒಂದನ್ನೇ ಕೊಳ್ಳುವುದಾದರೆ

ಯುರೋಪಿನ ಫ್ರೀ ಜಾಝ್, ಅಂದರೆ ಕಟ್ಟುಪಾಡಿಲ್ಲದೆ ಅಲ್ಲಲ್ಲೇ ಹುಟ್ಟಿಸಿ ನುಡಿಸುವ ಜಾಝ್, ಕೇಳಬೇಕು ಅಂದರೆ ಎಲ್ಲರೂ ಮೊದಲು ಹೇಳುವುದು ಜರ್ಮನಿಯ ಸ್ಯಾಕ್ಸೋಫೋನ್ ವಾದಕ ಪೀಟರ್ ಬ್ರಾಟ್ಜ್‌ಮನ್ ಅವರ 'ಮಷಿನ್ ಗನ್' ಆಲ್ಬಂ. ನಾನು ಅದನ್ನೂ 'ಟೊಪೋಗ್ರಫಿ ಆಫ್ ದ ಲಂಗ್ಸ್' ಅನ್ನುವ ಇನ್ನೊಂದು ಆಲ್ಬಂ ಅನ್ನೂ ಒಟ್ಟಿಗೇ ಡೌನ್‌ಲೋಡ್ ಆಗಿ ಕೊಂಡೆ. ಮತ್ತೆ ಮತ್ತೆ ಹಾಕಿಕೊಳ್ಳುವುದು ಎರಡನೆಯದನ್ನೇ.

'ಮಷಿನ್ ಗನ್' 1968ರ ಮೇ ತಿಂಗಳಲ್ಲಿ ಬ್ರೆಮೆನ್‌ನಲ್ಲಿ ಎಂಟು ಜನ ನುಡಿಸಿದ್ದು. ಮೂರು ಸ್ಯಾಕ್ಸೋಫೋನ್, ಎರಡು ಬಾಸ್, ಎರಡು ಡ್ರಮ್ಸ್, ಒಂದು ಪಿಯಾನೋ. ಶುರುವಿನಿಂದಲೇ ಮೈಮೇಲೆ ಬೀಳುತ್ತದೆ. ಅಷ್ಟು ಗದ್ದಲದ ನಡುವೆ ಕೊನೆಯ ಹೊತ್ತಿಗೆ ಸ್ಯಾಕ್ಸ್‌ಗಳೆಲ್ಲ ಒಂದು ಒರಟು ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರದ ತುಣುಕು) ಹಿಡಿದು ಕೂಗುತ್ತವಲ್ಲ, ಅದು ನಿಜಕ್ಕೂ ಭರ್ಜರಿ. ಆದರೆ ಫ್ರೆಡ್ ವಾನ್ ಹೋವ್ ಅವರ ಪಿಯಾನೋ ನನ್ನ ಹೆಡ್‌ಫೋನಿನಲ್ಲಿ ಎಷ್ಟೋ ಕಡೆ ಮುಳುಗಿಯೇ ಹೋಗುತ್ತದೆ.

'ಟೊಪೋಗ್ರಫಿ' 1970ರದ್ದು, ಲಂಡನ್ನಿನದು, ಬರೀ ಮೂವರು: ಸ್ಯಾಕ್ಸೋಫೋನಿನಲ್ಲಿ ಇವಾನ್ ಪಾರ್ಕರ್, ಗಿಟಾರಿನಲ್ಲಿ ಡೆರೆಕ್ ಬೇಲಿ, ಡ್ರಮ್ಸ್‌ನಲ್ಲಿ ಹ್ಯಾನ್ ಬೆನ್ನಿಂಕ್. ಪಾರ್ಕರ್, ಬೆನ್ನಿಂಕ್ ಇಬ್ಬರೂ 'ಮಷಿನ್ ಗನ್'ನಲ್ಲೂ ಇದ್ದವರೇ. ಅಲ್ಲಿ ಗುಂಪಿನಲ್ಲಿ ಕಳೆದುಹೋಗುವ ಪಾರ್ಕರ್ ಇಲ್ಲಿ ರೀಡಿನ (ಸ್ಯಾಕ್ಸ್ ಊದುವ ಬಾಯಲ್ಲಿರುವ ತೆಳು ಪಟ್ಟಿಯ) ಮೇಲೆ ನಾಲಿಗೆ ತಾಗಿಸುವುದೂ ಕೇಳಿಸುತ್ತದೆ. ಬೇಲಿ ಅವರ ಗಿಟಾರಿನಲ್ಲಿ ಹಾಡಿಗೆ ನುಡಿಸುವಂಥ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗಳು) ಇಲ್ಲ, ಚೂರು ಚೂರು ಸ್ವರ, ತಂತಿ ಕೆರೆದ ಸದ್ದು, ನಡುವೆ ಮೌನ.

ಒಂದು ಕಿರಿಕಿರಿ ಮಾತ್ರ ಇದೆ. ಮೊದಲ ಟ್ರ್ಯಾಕ್ 'ಟೈಟನ್ ಮೂನ್'ನಲ್ಲಿ ಬೇಲಿಯ ಸಣ್ಣ ಸದ್ದು ಸರಿಯಾಗಿ ಕೇಳಲಿ ಅಂತ ವಾಲ್ಯೂಮ್ ಏರಿಸಿದೆ. ಅಷ್ಟರಲ್ಲಿ ಬೆನ್ನಿಂಕ್ ಎಲ್ಲಿಂದಲೋ ಬಂದು ಡ್ರಮ್ಮಿಗೆ ಬಾರಿಸಿದರು, ಕಿವಿ ಗುಂಯ್ ಅಂತು. ಇಳಿಸಿದರೆ ಗಿಟಾರ್ ಮಾಯ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಳುವವನು ನಾನು, ಬೆರಳು ಸದಾ ವಾಲ್ಯೂಮ್ ಮೇಲೆಯೇ ಇಟ್ಟುಕೊಂಡರೆ ಕೇಳುವುದಾದರೂ ಏನನ್ನು?

ಪ್ಲೇಯರಿನಲ್ಲಿ ಸದ್ದನ್ನು ಸಮ ಮಾಡುವ ಸೆಟ್ಟಿಂಗ್ ಹಾಕಿ ನೋಡಿದೆ. ಸಣ್ಣದೂ ದೊಡ್ಡದೂ ಒಂದೇ ಮಟ್ಟಕ್ಕೆ ಬಂದು, ಮೂವರ ನಡುವಿನ ದೂರವೇ ಹೋಯಿತು. ಸುಮ್ನೆ ಆಫ್ ಮಾಡಿ. ಹೊರಗಿನ ಸದ್ದು ತಡೆಯುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ, ಬೆನ್ನಿಂಕ್ ಅವರ ಜೋರು ಹೊಡೆತಕ್ಕೆ ಸರಿಯಾಗಿ ವಾಲ್ಯೂಮ್ ಇಟ್ಟು ಬಿಟ್ಟುಬಿಡಿ. ಫ್ಯಾನ್ ಸದ್ದು ಇಲ್ಲದಿದ್ದರೆ ಬೇಲಿ ತಾನಾಗಿಯೇ ಕೇಳಿಸುತ್ತಾರೆ.

ಪಾರ್ಕರ್, ಬೇಲಿ ನಡುವೆ ಮುಂದೆ ಮನಸ್ತಾಪವಾಯಿತು. ಸಿಡಿಯಾಗಿ 'ಟೊಪೋಗ್ರಫಿ' ಬಂದದ್ದು 2006ರಲ್ಲಿ, ಬೇಲಿ ತೀರಿಕೊಂಡ ಮೇಲೆ. ಈಗ ಸಿಗುತ್ತಿದೆಯಲ್ಲ, ಅದೇ ದೊಡ್ಡ ವಿಷಯ.

ಎಲ್‌ಪಿ ಆಸೆ ನನಗೂ ಇದೆ, ಆದರೆ ಹೊರದೇಶದಿಂದ ತರಿಸುವ ಖರ್ಚು, ಕಸ್ಟಮ್ಸ್ ಎಲ್ಲ ಸೇರಿದರೆ ನನ್ನ ಬಜೆಟ್ ಮೀರುತ್ತದೆ. ಲಾಸ್‌ಲೆಸ್ (ಸದ್ದಿನ ಗುಣ ಕಡಿಮೆಯಾಗದ) ಡೌನ್‌ಲೋಡ್ ಸಾಕು. ದೊಡ್ಡ ಸ್ಪೀಕರ್ ಇದ್ದು, ಜೋರಾಗಿ ಹಾಕಿದರೆ ಬೈಯುವವರು ಇಲ್ಲದಿದ್ದರೆ 'ಮಷಿನ್ ಗನ್' ತಗೊಳ್ಳಿ. ನನ್ನ ಹಾಗೆ ರಾತ್ರಿ ಒಬ್ಬರೇ ಕೇಳುವವರಾದರೆ 'ಟೊಪೋಗ್ರಫಿ'ಯೇ.